ಬೆನ್ನೆಲುಬಿನ ಚಿಕಿತ್ಸೆಯೂ ಲೋಕಾಭಿಪ್ರಾಯವೂ

1987ರಲ್ಲಿ ಶಿಕಾಗೋ ನಗರದ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಅವರು ಕೊಟ್ಟ ತೀರ್ಪನ್ನು ಕೈರೋಪ್ರ್ಯಾಕ್ಟರುಗಳು ತಮ್ಮ ವಿದ್ಯೆಗೆ ದೊರೆತ ಜಯಪತ್ರವೆಂದು ಕೊಂಡಾಡುತ್ತ ಬಂದಿದ್ದಾರೆ. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವನ್ನು ಕಳೆಯುವೆವೆನ್ನುವ ಈ ಪದ್ಧತಿಯ ವಿಷಯದಲ್ಲಿ ಜನರ ಭಕ್ತಿಯೂ ಪಂಡಿತರ ಅವಜ್ಞೆಯೂ ಹೇಗೆ ಒಂದನ್ನೊಂದು ಪೋಷಿಸಿದವೆಂಬುದನ್ನು ತಿಳಿಯಬೇಕಾದರೆ ಆ ಮೊಕದ್ದಮೆಯ ವೃತ್ತಾಂತವನ್ನು ಕೊಂಚ ಸಾವಧಾನದಿಂದ ನೋಡಬೇಕು.

ಅಮೆರಿಕದ ವೈದ್ಯರ ಮಹಾಸಂಸ್ಥೆಯಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ ಕಪಟವೈದ್ಯದ ನಿಗ್ರಹಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಕೈರೋಪ್ರ್ಯಾಕ್ಟಿಕನ್ನು ಮೊದಲು ಹತೋಟಿಯಲ್ಲಿಟ್ಟು ಕಡೆಗೆ ನಿರ್ಮೂಲ ಮಾಡುವುದೇ ಆ ಸಮಿತಿಯ ಮುಖ್ಯ ಧ್ಯೇಯವಾಗಿದ್ದಿತು. ಕೈರೋಪ್ರ್ಯಾಕ್ಟರುಗಳೊಡನೆ ವೃತ್ತಿಸಂಬಂಧ ಇಟ್ಟುಕೊಳ್ಳುವುದು ವೈದ್ಯಧರ್ಮಕ್ಕೆ ವಿರುದ್ಧವೆಂದು ಸಾರಿದ್ದರಿಂದ, ರೋಗಿಯನ್ನು ಅವರಲ್ಲಿಗೆ ಕಳುಹಿಸುವುದೂ ಅವರು ಕಳುಹಿಸಿದ ರೋಗಿಯನ್ನು ನೋಡುವುದೂ ನಿಷಿದ್ಧವಾಯಿತು. ಚೆಸ್ಟರ್ ವಿಲ್ಕ್ ಎಂಬ ಕೈರೋಪ್ರ್ಯಾಕ್ಟರನೂ ಅವನ ಸಹೋದ್ಯೋಗಿಗಳೂ 1976ರಲ್ಲಿ ದಾವೆ ಹೂಡಿದರು. 1981ರಲ್ಲಿ ಜ್ಯೂರಿಯು ವೈದ್ಯರ ಪಕ್ಷವನ್ನು ಎತ್ತಿಹಿಡಿಯಿತು. ಮೇಲಿನ ನ್ಯಾಯಾಲಯವು ಮರುವಿಚಾರಣೆಗೆ ಆಜ್ಞಾಪಿಸಿತು. ಕೊನೆಗೆ 1987ರಲ್ಲಿ, ವೈದ್ಯಸಂಸ್ಥೆಯ ಬಹಿಷ್ಕಾರವು ವ್ಯಾಪಾರಸ್ವಾತಂತ್ರ್ಯವನ್ನು ರಕ್ಷಿಸತಕ್ಕ ಶರ್ಮನ್ ಶಾಸನದ ಉಲ್ಲಂಘನೆಯೆಂದು ತೀರ್ಮಾನವಾಗಿ, ನ್ಯಾಯಾಲಯದ ಆಜ್ಞೆಯನ್ನು ಸಂಸ್ಥೆಯು ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕಾಯಿತು. ಆದರೆ ಕೈರೋಪ್ರ್ಯಾಕ್ಟಿಕ್ ಸಿದ್ಧಾಂತವು ಸತ್ಯವೋ ಅಲ್ಲವೋ ಎಂಬುದನ್ನು ನಿರ್ಣಯಿಸುವುದು ತಮ್ಮ ಕಾರ್ಯವಲ್ಲವೆಂದು ನ್ಯಾಯಾಧೀಶರೇ ಸ್ಪಷ್ಟಪಡಿಸಿದ್ದರು. ಈ ಭಾಗವನ್ನು ಜಯಘೋಷದವರು ಸ್ಮರಿಸಲಿಲ್ಲ.

ವೈದ್ಯರ ಸಂಶಯಕ್ಕೆ ಆಧಾರವಿರಲಿಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. 1895ರಲ್ಲಿ ಅಯೋವಾ ಪ್ರಾಂತದ ಡಾವೆನ್‌ಪೋರ್ಟ್‌ನಲ್ಲಿ, ಅಲ್ಲಿಯವರೆಗೆ ಅಯಸ್ಕಾಂತಚಿಕಿತ್ಸಕನಾಗಿದ್ದ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ಹಾರ್ವೆ ಲಿಲ್ಲಾರ್ಡ್ ಎಂಬ ಜಾಡಮಾಲಿಯ ಬೆನ್ನನ್ನು ಒತ್ತಿ ಅವನ ಕಿವುಡುತನವನ್ನು ಹೋಗಲಾಡಿಸಿದೆನೆಂದು ಸಾರಿದನು. ಶ್ರವಣದ ನರವು ಬೆನ್ನೆಲುಬನ್ನು ಹಾದುಹೋಗುವುದೇ ಇಲ್ಲ. ಆದಾಗ್ಯೂ ಆ ಘಟನೆಯ ತಳಹದಿಯ ಮೇಲೆಯೇ ಶಾಸ್ತ್ರವೊಂದು ನಿರ್ಮಿತವಾಗಿ, 1910ರ ವೇಳೆಗೆ ನೂರಕ್ಕೆ ತೊಂಬತ್ತೈದು ರೋಗಗಳು ಬೆನ್ನೆಲುಬಿನ ಮಣಿಗಳು ಸ್ಥಾನ ತಪ್ಪುವುದರಿಂದ ಹುಟ್ಟುತ್ತವೆಂದು ಪಾಮರನು ಗ್ರಂಥಸ್ಥಗೊಳಿಸಿದನು. ಇಂಥ ಪ್ರತಿಪಾದನೆಯನ್ನು ವಿಜ್ಞಾನಿಯಾದವನು ಒಪ್ಪುವುದು ಹೇಗೆ? ಆದರೆ ಅದಕ್ಕೆ ಉತ್ತರವಾಗಿ ದೊರೆತದ್ದು ಪರೀಕ್ಷೆಯಲ್ಲ, ಸೆರೆಮನೆ. ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಪಾಮರನೂ, ಮುಂದಿನ ದಶಕಗಳಲ್ಲಿ ಅವನ ಅನೇಕ ಅನುಯಾಯಿಗಳೂ ಬಂಧಿತರಾದರು. ಬಂಧನವು ಸಿದ್ಧಾಂತದ ದೋಷವನ್ನು ತೋರಿಸಿಕೊಡದೆ ಅದಕ್ಕೆ ಹುತಾತ್ಮತೆಯ ಪ್ರಭೆಯನ್ನು ಕೊಟ್ಟಿತು. 1913ರಲ್ಲಿ ಕ್ಯಾನ್ಸಸ್ ಪ್ರಾಂತವು ಮೊದಲಾಗಿ, 1974ರಲ್ಲಿ ಲೂಸಿಯಾನಾ ಕಡೆಯದಾಗಿ, ಎಲ್ಲ ಪ್ರಾಂತಗಳೂ ಈ ವೃತ್ತಿಗೆ ಪರವಾನಗಿ ಕೊಟ್ಟವು.

ಜನರಾದರೂ ಏತಕ್ಕೆ ಹೋದರು? ಬೆನ್ನುನೋವಿನವನ ವ್ಯಥೆಯು ಅನೇಕ ವೇಳೆ ಎಕ್ಸರೇ ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರದಲ್ಲಿ ಕಾಣದ್ದನ್ನು ವೈದ್ಯನು ಇಲ್ಲವೆಂದು ಬಗೆದು ಮಾತ್ರೆಯ ಚೀಟಿ ಬರೆದು ಕಳುಹಿಸಿದಾಗ, ನೋವಿರುವ ಎಡೆಯನ್ನು ಕೈಯಿಂದ ಮುಟ್ಟಿ, ಮಾತನ್ನು ಕೊನೆಯವರೆಗೆ ಕೇಳುವ ಇನ್ನೊಬ್ಬನಲ್ಲಿ ವಿಶ್ವಾಸ ಹುಟ್ಟುವುದು ಸಹಜ. ಆ ವಿಶ್ವಾಸವು ಪೂರ್ತಿ ಹುಸಿಯೂ ಅಲ್ಲ. ಹೊಸದಾಗಿ ಬಂದ ಸೊಂಟನೋವಿಗೆ ಈ ಹಸ್ತಚಿಕಿತ್ಸೆಯಿಂದ ಅಲ್ಪಪ್ರಮಾಣದ ಉಪಶಮನ ದೊರೆಯುವುದೆಂದು 2017ರಲ್ಲಿ ಅದೇ ವೈದ್ಯಸಂಸ್ಥೆಯ ಪತ್ರಿಕೆಯು ಪ್ರಕಟಿಸಿದ ಸಮೀಕ್ಷೆಯೊಂದು ತಿಳಿಸಿತು. ಅದೇ ವರ್ಷ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, ಔಷಧಿಗೆ ಮುನ್ನ ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಶಾಖ, ಅಂಗಮರ್ದನಗಳೊಡನೆ ಇದನ್ನೂ ಎಣಿಸಿತು. ಇಷ್ಟನ್ನು ಹೇಳದೆ ಎಲ್ಲವೂ ಮೋಸವೆನ್ನುವ ವೈದ್ಯನು ರೋಗಿಗೆ ಅನ್ಯಾಯ ಮಾಡುತ್ತಾನೆ.

ಸೊಂಟಕ್ಕೆ ಸಲ್ಲುವ ಈ ಅಲ್ಪಪ್ರಮಾಣವನ್ನು ಹಸುಗೂಸಿನ ಹೊಟ್ಟೆಶೂಲೆಗೂ ಕಿವಿಸೋರಿಕೆಗೂ ಉಬ್ಬಸಕ್ಕೂ ಎಳೆದೊಯ್ಯುವವನು ಅದಕ್ಕಿಂತ ಹೆಚ್ಚಿನ ಅನ್ಯಾಯ ಮಾಡುತ್ತಾನೆ. 2008ರಲ್ಲಿ ಸೈಮನ್ ಸಿಂಗ್ ಎಂಬ ವಿಜ್ಞಾನ ಲೇಖಕರು ಇಂಥ ಪ್ರತಿಪಾದನೆಗಳನ್ನು ಗಾರ್ಡಿಯನ್ ಪತ್ರಿಕೆಯಲ್ಲಿ ಖಂಡಿಸಿದಾಗ ಬ್ರಿಟಿಷ್ ಕೈರೋಪ್ರ್ಯಾಕ್ಟಿಕ್ ಸಂಘವು ಅವರ ಮೇಲೆ ಮಾನನಷ್ಟದ ದಾವೆ ಹೂಡಿ, 2010ರಲ್ಲಿ ಮೇಲಿನ ನ್ಯಾಯಾಲಯದ ಅಭಿಪ್ರಾಯ ವಿರುದ್ಧವಾದ ಮೇಲೆ ಹಿಂತೆಗೆದುಕೊಂಡಿತು. ಬಹಿಷ್ಕಾರದ ನೋವನ್ನು ಉಂಡ ವೃತ್ತಿಯೇ ಪ್ರಶ್ನಿಸಿದವನ ಬಾಯಿ ಮುಚ್ಚಿಸಲು ಹೊರಟದ್ದು ನನಗೆ ಅತ್ಯಂತ ಖೇದವನ್ನುಂಟುಮಾಡಿದ ಸಂಗತಿ.

ಕುತ್ತಿಗೆಯ ವಿಷಯವಂತೂ ಇನ್ನೂ ಗಂಭೀರ. ಮಿದುಳಿಗೆ ರಕ್ತವನ್ನೊಯ್ಯುವ ಧಮನಿಗಳು ಕತ್ತಿನ ಮಣಿಗಳ ರಂಧ್ರಗಳಲ್ಲಿ ಹಾದುಹೋಗುತ್ತವೆ; ಕತ್ತನ್ನು ರಭಸದಿಂದ ತಿರುಗಿಸಿದ ಬಳಿಕ ಧಮನಿ ಸೀಳಿ ಪಾರ್ಶ್ವವಾಯು ಬಡಿದ ಪ್ರಸಂಗಗಳು ವಿರಳವಾದರೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಮೊದಲೇ ಸೀಳಿದ್ದ ಧಮನಿಯ ನೋವಿನಿಂದಲೇ ಆ ರೋಗಿಗಳು ಚಿಕಿತ್ಸೆಗೆ ಬಂದಿರಬಹುದೆಂಬ ವಾದವೂ ಉಂಟು, ಅದು ತಳ್ಳಿಹಾಕತಕ್ಕದ್ದಲ್ಲ. ಆದರೆ ಅಪಾಯದ ಮಾತನ್ನು ಮುಂಚಿತವಾಗಿ ರೋಗಿಗೆ ಹೇಳದಿರುವುದಕ್ಕೆ ಆ ವಾದವು ನೆಪವಾಗಲಾರದು.

ಬೆಂಗಳೂರಿನಲ್ಲಿಯೂ ಈಗ ಇಂಥ ಚಿಕಿತ್ಸಾಲಯಗಳಿವೆ. ಮೊಬೈಲಿನ ಪರದೆಯಲ್ಲಿ ಈ ಚಿಕಿತ್ಸೆಯನ್ನು ನೋಡಿ, ಲಟಕ್ಕೆಂಬ ಸದ್ದನ್ನು ಕೇಳಿ, ತಪ್ಪಿದ ಮೂಳೆ ಸ್ವಸ್ಥಾನಕ್ಕೆ ಬಂದಿತೆಂದು ಭಾವಿಸಿ ಅಲ್ಲಿಗೆ ಹೋಗುವವರು ಬಹಳ. ಆ ಸದ್ದು ಬೆರಳಿನ ನೆಟಿಗೆಯಂತೆಯೇ ಕೀಲಿನ ದ್ರವದಲ್ಲಿರುವ ಅನಿಲದಿಂದ ಬರುವುದೇ ಹೊರತು ಮೂಳೆ ಸರಿದದ್ದರ ಸಾಕ್ಷಿಯಲ್ಲ. ಅಮೆರಿಕದಲ್ಲಿ ಈ ವೃತ್ತಿಗೆ ಪ್ರವೇಶಿಸುವವನು ದೀರ್ಘ ವ್ಯಾಸಂಗ ಮಾಡಿ ಪರವಾನಗಿ ಪಡೆಯಬೇಕು. ನಮ್ಮಲ್ಲಿ ಇದನ್ನು ನಿಯಂತ್ರಿಸತಕ್ಕ ಪ್ರತ್ಯೇಕ ಶಾಸನಬದ್ಧ ಪರಿಷತ್ತೇ ಇಲ್ಲ. ಆದುದರಿಂದ ಫಲಕ ತೂಗಹಾಕಿದವನು ಎಲ್ಲಿ ಕಲಿತನು, ಎಷ್ಟು ಕಾಲ ಕಲಿತನು ಎಂಬುದನ್ನು ವಿಚಾರಿಸಿ ದಾಖಲಿಸುವ ಹೊಣೆಯನ್ನು ಸರ್ಕಾರವು ಹೊರಬೇಕು. ಅದು ಆಗುವ ತನಕ, ಕೈಕಾಲು ಜೋಮುಹಿಡಿದಿರುವವರೂ ಮೂಳೆ ಸವೆದಿರುವ ವೃದ್ಧರೂ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳದೆ ತಮ್ಮ ಬೆನ್ನನ್ನು ಇನ್ನೊಬ್ಬರ ಕೈಗೆ ಒಪ್ಪಿಸಕೂಡದು, ಕುತ್ತಿಗೆಯನ್ನಂತೂ ಯಾರೂ ಒಪ್ಪಿಸಕೂಡದು.