ಸಿಂಪ್ಸನ್ ಮನೆಯವರೂ ನಮ್ಮ ಹೆಣ್ಣುಮಕ್ಕಳೂ

ಹಿಂದಿನ ವರ್ಷದ ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಎದ್ದು ನಿಂತು ನಮ್ಮಲ್ಲಿ ಒಂದು ಅರಿಕೆ ಮಾಡಿಕೊಂಡರು. ಅವರ ಮಗಳು ದಿನವೂ ಸಾಯಂಕಾಲ ಮೊಬೈಲಿನಲ್ಲಿ ಅಮೆರಿಕದ ಒಂದು ಕಾರ್ಟೂನನ್ನು ನೋಡುತ್ತ ಕುಳಿತಿರುವಳಂತೆ. ಅದರಲ್ಲಿ ಮನುಷ್ಯರಿಗೆಲ್ಲ ಅರಿಸಿನದ ಬಣ್ಣದ ಮೈಯಂತೆ. ಮಗನು ತಂದೆಯನ್ನು ಹೆಸರು ಹಿಡಿದು ಕೂಗುವನಂತೆ, ತಂದೆಯು ಮಗನ ಕತ್ತು ಹಿಸುಕುವನಂತೆ. ಮನೆಯಲ್ಲಿ ಹೇಳಿದರೆ ಕೇಳುವುದಿಲ್ಲ, ಶಾಲೆಯಿಂದಲೇ ಅಪ್ಪಣೆಯಾಗಬೇಕು ಎಂಬುದು ಅವರ ಮಾತಿನ ಸಾರ. ಸಭೆಯಲ್ಲಿ ಕೆಲವರು ತಲೆದೂಗಿದರು. ವಿಚಾರಿಸಿ ಹೇಳುವೆವೆಂದು ನಾವು ಉತ್ತರ ಕೊಟ್ಟು ಮುಂದಿನ ವಿಷಯಕ್ಕೆ ಹೋದೆವು. ಆ ಉತ್ತರವು ಇಂದಿನವರೆಗೂ ಬಾಕಿಯಾಗಿ ಉಳಿದಿದೆ. ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಶಿಸ್ತು, ಪ್ರಾರ್ಥನೆ, ಪರೀಕ್ಷೆಗಳ ಫಲಿತಾಂಶ ಇವುಗಳನ್ನು ಕುರಿತು ಬರೆಯುವುದು ವಾಡಿಕೆಯೆಂಬುದನ್ನು ಬಲ್ಲೆವು. ಹಳೆಯ ವಿದ್ಯಾರ್ಥಿನಿಯರು ಈ ಸಾರಿ ಕ್ಷಮಿಸಬೇಕು.

ಆ ಕಾರ್ಟೂನಿನ ಹೆಸರು ‘ದಿ ಸಿಂಪ್ಸನ್ಸ್’. ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರರು ಇದನ್ನು ಹುಟ್ಟಿಸಿದರು. 1987ನೇ ಇಸವಿಯಲ್ಲಿ ಟ್ರೇಸಿ ಉಲ್ಮನ್ ಎಂಬ ನಟಿಯ ಕಾರ್ಯಕ್ರಮದ ನಡುನಡುವೆ ಸಣ್ಣ ತುಣುಕುಗಳಾಗಿ ಮೊದಲುಗೊಂಡು, 1989ನೇ ಇಸವಿ ಡಿಸೆಂಬರ್ 17ನೇ ತಾರೀಖಿನಂದು ಅರ್ಧ ಗಂಟೆಯ ಸ್ವತಂತ್ರ ಕಥೆಯಾಗಿ ಇದು ಅಮೆರಿಕದ ದೂರದರ್ಶನದಲ್ಲಿ ಕಾಣಿಸಿಕೊಂಡಿತು. ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪಿತವಾದ ಊರು. ಅಲ್ಲಿನ ಅಣುಶಕ್ತಿ ಕೇಂದ್ರದಲ್ಲಿ ನೌಕರನಾದ ಹೋಮರನೆಂಬ ತಂದೆ, ಮಾರ್ಜ್ ಎಂಬ ತಾಯಿ, ಹತ್ತು ವರ್ಷದ ಬಾರ್ಟ್, ಎಂಟು ವರ್ಷದ ಲೀಸಾ, ಬಾಯಿಯಿಂದ ರಬ್ಬರು ನಿಪ್ಪಲನ್ನು ಬಿಡದ ಕೂಸು ಮ್ಯಾಗಿ. ಗ್ರೇನಿಂಗ್ ಅವರು ತಮ್ಮ ತಂದೆ ತಾಯಿಗಳ, ಇಬ್ಬರು ತಂಗಿಯರ ಹೆಸರುಗಳನ್ನೇ ಈ ಮನೆಯವರಿಗೆ ಇಟ್ಟರು. ತುಂಟ ಬಾರ್ಟನ ಧ್ವನಿಯು ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಸ್ತ್ರೀಯದೆಂದು ತಿಳಿದಾಗ ನಮ್ಮ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಯಾರೂ ನಂಬಲಿಲ್ಲ.

ದೊಡ್ಡವರೂ ನೋಡತಕ್ಕ ಸಾಯಂಕಾಲದ ಕಾರ್ಟೂನು ಇದಕ್ಕಿಂತ ಹಿಂದೆ ಇರಲಿಲ್ಲವೆಂದಲ್ಲ. ಶಿಲಾಯುಗದ ಸಂಸಾರವೊಂದನ್ನು ತೋರಿಸಿದ ‘ದಿ ಫ್ಲಿಂಟ್‌ಸ್ಟೋನ್ಸ್’ 1960ರಿಂದ 1966ರವರೆಗೆ 166 ಕಂತು ನಡೆಯಿತು. ಸಿಂಪ್ಸನ್ ಮನೆಯವರು 1997ರಲ್ಲಿ ಆ ಸಂಖ್ಯೆಯನ್ನು ದಾಟಿದರು. ಇಂದು ಅವರ ಕಂತುಗಳು 750ಕ್ಕೂ ಮೀರಿವೆ. ಬಾರ್ಟನಿಗೆ ಮಾತ್ರ ಇನ್ನೂ ಹತ್ತೇ ವರ್ಷ.

ಆ ತಂದೆಯವರ ದೂರು ಹೊಸದಲ್ಲ. ಅಮೆರಿಕದವರೇ ಮೊದಲು ದೂರಿದರು. ಓದಿನಲ್ಲಿ ಹಿಂದೆ ಬಿದ್ದಿರುವುದೇ ನನಗೆ ಹೆಮ್ಮೆ ಎಂಬರ್ಥದ ಮಾತನ್ನು ಬಾರ್ಟನ ಚಿತ್ರದೊಡನೆ ಅಚ್ಚು ಹಾಕಿದ ಅಂಗಿಗಳು 1990ರಲ್ಲಿ ಅಲ್ಲಿ ಮಾರಾಟಕ್ಕೆ ಬಂದಾಗ, ಹಲವು ಶಾಲೆಗಳ ಮುಖ್ಯೋಪಾಧ್ಯಾಯರು ಅವನ್ನು ಶಾಲೆಗೆ ತೊಟ್ಟು ಬರಕೂಡದೆಂದು ಕಟ್ಟು ಮಾಡಿದರು. ಅದೇ ವರ್ಷ ಅಧ್ಯಕ್ಷರ ಪತ್ನಿ ಬಾರ್ಬರಾ ಬುಷ್ ಅವರು ಇಷ್ಟು ದಡ್ಡತನದ ವಸ್ತುವನ್ನು ತಾವು ಕಂಡಿಲ್ಲವೆಂದರು. ಕಥೆ ಬರೆಯುವವರು ಕೂಡಲೇ ಮಾರ್ಜ್ ಎಂಬ ಆ ಚಿತ್ರದ ತಾಯಿಯ ಹೆಸರಿನಲ್ಲಿಯೇ ಬಹು ವಿನಯದ ಕಾಗದವೊಂದನ್ನು ಅವರಿಗೆ ಬರೆದರು. ಆಕೆ ಅದನ್ನು ಓದಿ, ತಾವು ನಾಲಗೆ ಸಡಿಲ ಬಿಟ್ಟುದಕ್ಕೆ ಕ್ಷಮೆ ಕೇಳಿ ಮರುತ್ತರ ಕೊಟ್ಟರು. ಇಬ್ಬರೂ ಮರ್ಯಾದಸ್ಥರೆಂದೇ ನಮ್ಮ ಅಭಿಪ್ರಾಯ. ಆದಾಗ್ಯೂ ಪತಿಯವರಿಗೆ ಮನಸ್ಸು ಕರಗಿದ ಹಾಗೆ ಕಾಣಲಿಲ್ಲ. 1992ರ ಜನವರಿಯಲ್ಲಿ ಕ್ರೈಸ್ತ ಪ್ರಸಾರಕರ ಸಭೆಯೊಂದರಲ್ಲಿ ಮಾತನಾಡುತ್ತ, ಅಮೆರಿಕದ ಕುಟುಂಬಗಳು ಸಿಂಪ್ಸನ್ನರಂತಾಗದೆ, ಹಿಂದಿನ ಕಾಲದ ಸದ್ಗೃಹಸ್ಥರಾದ ವಾಲ್ಟನ್ನರ ಕುಟುಂಬದಂತಾಗಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಮೂರೇ ದಿನದಲ್ಲಿ ಬಾರ್ಟನು ತೆರೆಯ ಮೇಲೆ ಉತ್ತರ ಕೊಟ್ಟನು: ನಾವೂ ವಾಲ್ಟನ್ನರಂತೆಯೇ, ಈ ಹಣದ ಮುಗ್ಗಟ್ಟು ತೀರಲೆಂದು ಪ್ರಾರ್ಥಿಸುತ್ತಿದ್ದೇವೆ ಎಂದು.

ಅಂಗಿಗಳನ್ನು ನಿಷೇಧಿಸಿದ ಮುಖ್ಯೋಪಾಧ್ಯಾಯರನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಪೋಷಕರ ಸಭೆ ನಡೆದ ವಾರದಲ್ಲಿಯೇ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಗಣಿತದ ನೋಟು ಪುಸ್ತಕದ ಕಡೆಯ ಹಾಳೆಯಲ್ಲಿ, ನಕ್ಷತ್ರದ ಮೊನೆಗಳಂತೆ ಕೂದಲು ನಿಂತಿರುವ, ಮುತ್ತಿನ ಸರ ಹಾಕಿಕೊಂಡ ಚಿಕ್ಕ ಹುಡುಗಿಯ ಚಿತ್ರವನ್ನು ಕಂಡೆವು. (ಆ ತಂದೆಯವರ ಮಗಳಲ್ಲ, ಬೇರೊಬ್ಬಳು.) ಪಾಠದ ಪುಸ್ತಕದಲ್ಲಿ ಚಿತ್ರ ಬರೆಯುವುದಿಲ್ಲವೆಂದು ಐವತ್ತು ಸಾರಿ ಬರೆದು ತರುವಂತೆ ಇಂಪೊಸಿಷನ್ ಹಾಕಿದೆವು. ಮರುದಿನ ಬೆಳಿಗ್ಗೆ ಐವತ್ತು ಸಾಲುಗಳೂ ದುಂಡಗೆ, ಒಂದು ತಪ್ಪೂ ಇಲ್ಲದೆ ನಮ್ಮ ಮೇಜಿನ ಮೇಲಿದ್ದವು. ಆಕೆ ಎಂದೂ ಹಾಗೆಯೇ; ಗಲಾಟೆಯಿಲ್ಲ, ತಡವಿಲ್ಲ. ಆ ಕಾರ್ಟೂನಿನ ಪ್ರತಿ ಕಂತೂ, ಬಾರ್ಟನು ಕಪ್ಪು ಹಲಗೆಯ ಮುಂದೆ ನಿಂತು ಇಂಪೊಸಿಷನ್ ಬರೆಯುವುದರಿಂದಲೇ ಅನೇಕವಾಗಿ ಪ್ರಾರಂಭವಾಗುವುದೆಂಬುದು ನಮಗೆ ಆಗ ತಿಳಿದಿರಲಿಲ್ಲ. ಅವಳಿಗೆ ತಿಳಿದಿದ್ದಿರಬೇಕು.

ಡಿಸೆಂಬರಿನ ರಜೆಯಲ್ಲಿ ತಂಗಿಯ ಮನೆಗೆ ಹೋದಾಗ ಅವಳ ಮಕ್ಕಳ ಜತೆಯಲ್ಲಿ ಕುಳಿತು ಮೊದಲ ಕಂತನ್ನು ನೋಡಿದೆವು. ಅದೊಂದು ಕ್ರಿಸ್ಮಸ್ ಕಥೆ. ಹೋಮರನಿಗೆ ಆ ವರ್ಷ ಬೋನಸ್ಸು ಬರಲಿಲ್ಲ. ಹಬ್ಬಕ್ಕೆಂದು ತಾಯಿಯು ಕೂಡಿಟ್ಟ ಹಣವೆಲ್ಲ, ಮಗನು ಬುದ್ಧಿಗೆಟ್ಟು ಚುಚ್ಚಿಸಿಕೊಂಡ ಹಚ್ಚೆಯನ್ನು ತೆಗೆಯಿಸುವುದರಲ್ಲಿ ಮುಗಿದುಹೋಯಿತು. ಬೋನಸ್ಸಿಲ್ಲವೆಂದು ಹೆಂಡತಿಗೆ ಹೇಳಲಾರದೆ ಹೋಮರನು ಅಂಗಡಿಯೊಂದರಲ್ಲಿ ಗಡ್ಡ ಕಟ್ಟಿಕೊಂಡು ಕ್ರಿಸ್ಮಸ್ ತಾತನ ವೇಷ ಹಾಕುತ್ತಾನೆ. ಸಿಕ್ಕಿದ ಕೂಲಿ ಹದಿಮೂರು ಡಾಲರು. ಅದನ್ನೂ ನಾಯಿಗಳ ಓಟದ ಜೂಜಿಗೆ ಕಟ್ಟಿ ಕಳೆದುಕೊಳ್ಳುತ್ತಾನೆ. ಕೊನೆಗೆ, ಓಟದಲ್ಲಿ ಕಡೆಯದಾಗಿ ಬಂದುದಕ್ಕಾಗಿ ಒಡೆಯನು ಹೊರದೂಡಿದ ಆ ಬಡಕಲು ನಾಯಿಯನ್ನೇ ತಂದೆ ಮಕ್ಕಳು ಮನೆಗೆ ಕರೆತರುತ್ತಾರೆ. ಮನೆಯವರು ಅದನ್ನೇ ಹಬ್ಬದ ಕಾಣಿಕೆಯೆಂದು ಅಪ್ಪಿಕೊಳ್ಳುತ್ತಾರೆ. ಸಂಬಳ ತಡವಾದ ಮನೆಗಳ ಕ್ರಿಸ್ಮಸ್ ಎಂತಹದೆಂಬುದನ್ನು ಮಿಷನ್ ಕಾಂಪೌಂಡುಗಳಲ್ಲಿ ಬೆಳೆದವರಿಗೆ ನಾವು ವಿವರಿಸಬೇಕಾಗಿಲ್ಲ. ಮಕ್ಕಳು ನಕ್ಕರು. ತಂಗಿಯೂ ನಾವೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಇವರು ದೇವಾಲಯಕ್ಕೂ ಹೋಗುವವರೇ. ಪ್ರಸಂಗದ ನಡುವೆ ಹೋಮರನು ನಿದ್ದೆ ಹೋಗುತ್ತಾನೆಂಬುದು ನಿಜ. ನಮ್ಮ ಸಭೆಗಳಲ್ಲಿ ಯಾರೂ ತೂಕಡಿಸುವುದಿಲ್ಲವೆಂದು ಪ್ರಮಾಣ ಮಾಡುವ ಸಭಾಪಾಲಕರಿದ್ದರೆ ಮುಂದೆ ಬರಲಿ. ನೆರೆಮನೆಯ ನೆಡ್ ಫ್ಲಾಂಡರ್ಸ್ ಎಂಬ ಭಕ್ತನನ್ನು ಕಥೆಯು ಬಹಳವಾಗಿ ಗೇಲಿ ಮಾಡುವುದು. ಹಾಗಿದ್ದರೂ ಕಷ್ಟ ಬಂದಾಗ ಬಾಗಿಲು ತೆರೆಯುವವನು ಆತನೇ. ವ್ಯಾಟಿಕನ್ನಿನ ಪತ್ರಿಕೆಯು 2009ರಲ್ಲಿ ಈ ಕಾರ್ಟೂನನ್ನು ಮೆಚ್ಚಿ ಬರೆದುದಕ್ಕೂ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರಾಗಿದ್ದ ರೋವನ್ ವಿಲಿಯಮ್ಸ್ ಅವರು ಇದರ ಪರವಾಗಿ ಮಾತನಾಡಿದುದಕ್ಕೂ ಇಂಥ ಕಾರಣಗಳಿದ್ದಿರಬೇಕು.

ಶಾಲೆಯವರಾದ ನಮಗೆ ಹೆಚ್ಚು ಹತ್ತಿರವಾದವು ಬೇರೆ ಎರಡು ಕಂತುಗಳು. ಮೊದಲನೆಯದು 1990ನೇ ಇಸವಿ ಅಕ್ಟೋಬರಿನದು. ಬಾರ್ಟನು ನಾಲ್ಕನೆಯ ತರಗತಿಯಲ್ಲಿಯೇ ಉಳಿಯಬೇಕಾಗಿ ಬಂದಿದೆ. ಪರೀಕ್ಷೆಯ ಹಿಂದಿನ ರಾತ್ರಿ ಮೊಣಕಾಲೂರಿ, ಓದಲು ಇನ್ನೊಂದೇ ದಿನ ಬೇಕೆಂದು ಪ್ರಾರ್ಥಿಸುತ್ತಾನೆ. ಬೆಳಗಾಗುವಾಗ ಹಿಮ ಬಿದ್ದು ಶಾಲೆಗೆ ರಜೆ. ಊರ ಮಕ್ಕಳೆಲ್ಲ ಹಿಮದಲ್ಲಿ ಆಡುತ್ತಿರುವಾಗ ಅವನು ಒಳಗೆ ಕುಳಿತು ಓದುತ್ತಾನೆ. ಇಷ್ಟಾದ ಮೇಲೆ ಅವನು ತೇರ್ಗಡೆಯಾಗಬೇಕಲ್ಲವೇ? ನಮ್ಮ ನೀತಿಪಾಠಗಳಲ್ಲಿ ಹಾಗೆಯೇ ಆಗುವುದು. ಇಲ್ಲಿ ಒಂದು ಅಂಕದಿಂದ ಅವನು ನಪಾಸಾಗುತ್ತಾನೆ. ನಿಜವಾಗಿಯೂ ಓದಿ ಸೋತೆನಲ್ಲಾ ಎಂದು ಹುಡುಗನು ಅಳುತ್ತ, 1754ರಲ್ಲಿ ಜಾರ್ಜ್ ವಾಷಿಂಗ್ಟನ್ ಫ್ರೆಂಚರಿಗೆ ಶರಣಾದಾಗ ಹೀಗೆಯೇ ಅನ್ನಿಸಿದ್ದಿರಬೇಕು ಎನ್ನುತ್ತಾನೆ. ಪಾಠವನ್ನು ಹೀಗೆ ಬದುಕಿಗೆ ಹಚ್ಚಿ ಹೇಳಿದುದನ್ನು ಕೇಳಿ ಉಪಾಧ್ಯಾಯಿನಿ ಮಿಸೆಸ್ ಕ್ರಬಾಪೆಲ್ ಒಂದು ಅಂಕ ಕೊಟ್ಟು ಅವನನ್ನು ಪಾಸು ಮಾಡುತ್ತಾಳೆ. ಉತ್ತರಪತ್ರಿಕೆಗಳ ಮುಂದೆ ಕೆಂಪು ಪೆನ್ನು ಹಿಡಿದು ಕುಳಿತವರೆಲ್ಲರೂ ಆ ಒಂದು ಅಂಕವನ್ನು ಬಲ್ಲರು.

ಆ ಉಪಾಧ್ಯಾಯಿನಿಗೆ ಧ್ವನಿ ಕೊಟ್ಟ ಮಾರ್ಷಿಯಾ ವಾಲೆಸ್ ಎಂಬ ನಟಿಯು 2013ನೇ ಇಸವಿ ಅಕ್ಟೋಬರಿನಲ್ಲಿ ತೀರಿಕೊಂಡರು. ಬೇರೊಬ್ಬರ ಧ್ವನಿ ಹಾಕದೆ ಆ ಪಾತ್ರವನ್ನೇ ನಿಲ್ಲಿಸಿದರು. ಕೆಲವು ದಿನಗಳ ಮೇಲೆ ಬಂದ ಕಂತಿನಲ್ಲಿ ಬಾರ್ಟನು ಎಂದಿನಂತೆ ಹಲಗೆಯ ಮುಂದೆ ನಿಂತಿದ್ದನು. ಅಂದು ಅವನು ಬರೆದುದು ಒಂದೇ ಸಾಲು, ಒಂದೇ ಸಾರಿ: ಆಕೆಯಿಲ್ಲದೆ ನಿಜವಾಗಿಯೂ ಬೇಸರವಾಗುವುದೆಂದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಹಲಗೆಯ ಮೇಲೆ ದಂಡನೆಯ ಸಾಲುಗಳನ್ನು ನೋಡಿದ್ದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡನೆಯ ಕಂತು 1991ರ ಏಪ್ರಿಲಿನದು, ಲೀಸಾಳದು. ನೋಟು ಪುಸ್ತಕದ ಹುಡುಗಿಯು ಬರೆದಿದ್ದುದು ಇವಳನ್ನೇ. ಲೀಸಾ ಬುದ್ಧಿವಂತೆ, ಸ್ಯಾಕ್ಸೊಫೋನ್ ಬಾರಿಸುವಳು. (ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿ ಕೇಳಿದವರಿಗೆ ಆ ವಾದ್ಯವು ಪರಕೀಯವಲ್ಲ.) ತುಂಟನಾದ ಅಣ್ಣನಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಎಲ್ಲರ ಗಮನ; ತಾನಾಗಿಯೇ ಓದಿಕೊಳ್ಳುವ ಇವಳನ್ನು ಕೇಳುವವರಿಲ್ಲ. ಅವಳ ಉಪಾಧ್ಯಾಯಿನಿ ಕಾಯಿಲೆಯೆಂದು ರಜೆ ಹಾಕಿದಾಗ ಬದಲಿಗೆ ಬರ್ಗ್‌ಸ್ಟ್ರಾಮ್ ಎಂಬ ಉಪಾಧ್ಯಾಯರು ಬರುತ್ತಾರೆ. ಆ ಪಾತ್ರಕ್ಕೆ ಧ್ವನಿ ಕೊಟ್ಟವರು ಡಸ್ಟಿನ್ ಹಾಫ್‌ಮನ್, ಹೆಸರು ಮರೆಸಿ. ಈ ಉಪಾಧ್ಯಾಯರು ಹಾಡುವರು, ಓದಿ ಕಣ್ಣೀರು ಹಾಕುವರು, ಲೀಸಾಳ ಮಾತನ್ನು ಕಿವಿಗೊಟ್ಟು ಕೇಳುವರು. ಅಷ್ಟರಲ್ಲಿ ರಜೆ ಮುಗಿದು ಹಳೆಯ ಉಪಾಧ್ಯಾಯಿನಿಯೇ ಬಂದಳು. ರೈಲಿನ ಬಾಗಿಲಲ್ಲಿ ನಿಂತ ಅವರು, ನಾನೊಬ್ಬಳೇ ಎಂದು ಎಂದಾದರೂ ಅನ್ನಿಸಿದರೆ ನೋಡಿಕೊ ಎಂದು ಚೀಟಿಯೊಂದನ್ನು ಮಡಚಿ ಅವಳ ಕೈಗೆ ಕೊಡುತ್ತಾರೆ. ರೈಲು ಹೋದ ಮೇಲೆ ಬಿಚ್ಚಿ ನೋಡಿದರೆ ಅದರಲ್ಲಿ ಉಪದೇಶವಿಲ್ಲ, ವಿಳಾಸವಿಲ್ಲ. ನೀನು ಲೀಸಾ ಎಂದು ಅವಳ ಹೆಸರು, ಅಷ್ಟೇ.

ಆ ಮಡ್ಡಿ ತಂದೆಯನ್ನು ಕಥೆಯು ಇಲ್ಲಿ ಕೈಬಿಡುವುದಿಲ್ಲ. ತನ್ನ ದುಃಖ ಅರಿಯದ ತಂದೆಯ ಮೇಲೆ ಸಿಟ್ಟಾಗಿ ಲೀಸಾ ಅವನನ್ನು ಕೋತಿಯೆಂದು ಬಯ್ದು ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಹೋಗಿ ಪಕ್ಕದಲ್ಲಿ ಕುಳಿತು, ನನಗೆ ಬಹು ಬೇಕಾದವರಾರೂ ನನ್ನನ್ನು ಬಿಟ್ಟು ಹೋದವರಿಲ್ಲ, ಅವರೆಲ್ಲ ಈ ಮನೆಯಲ್ಲಿಯೇ ಇದ್ದಾರೆ, ಆದುದರಿಂದ ನಿನ್ನ ಸಂಕಟ ನನಗೆ ತಿಳಿಯದು ಎಂದು ಒಪ್ಪಿಕೊಂಡು, ಕೋತಿಯಂತೆಯೇ ಆಡಿ ಅವಳನ್ನು ನಗಿಸುತ್ತಾನೆ. ಈ ಕಾರ್ಟೂನು ಇಷ್ಟು ಕಾಲ ಬಾಳಿರುವುದಕ್ಕೆ ಕಾರಣವನ್ನು ಹುಡುಕುವವರು ಹಾಸ್ಯವನ್ನೂ ವಿಡಂಬನೆಯನ್ನೂ ಎತ್ತಿ ಹೇಳುವರು. ನಮಗೆ ಕಂಡ ಕಾರಣ ಇದು: ಬರಲಾರದವನನ್ನೂ ಬಹಳ ಬರುವವಳನ್ನೂ ಆ ಮನೆಯು ಒಂದೇ ಸೋಫಾದ ಮೇಲೆ ಕೂರಿಸಿಕೊಳ್ಳುತ್ತದೆ, ಪ್ರತಿ ಕಂತಿನಲ್ಲಿಯೂ ಒಬ್ಬರನ್ನೊಬ್ಬರು ನೋಯಿಸಿ, ಪ್ರತಿ ಕಂತಿನಲ್ಲಿಯೂ ಎಲ್ಲರೂ ಅಲ್ಲಿಗೇ ಓಡಿಬರುತ್ತಾರೆ.

ರಜೆ ಮುಗಿದು ಬಂದ ಮೇಲೆ ಹಾಜರಿ ಪುಸ್ತಕವನ್ನು ತೆಗೆದು ನೋಡಿದೆವು. ಐವತ್ತು ಸಾಲು ಬರೆದು ತಂದ ಆ ಹುಡುಗಿ ನಮ್ಮ ಶಾಲೆಗೆ ಸೇರಿ ಐದನೆಯ ವರ್ಷ ನಡೆಯುತ್ತಿತ್ತು. ನಪಾಸಾದವರನ್ನೂ ತಡವಾಗಿ ಬರುವವರನ್ನೂ ಕರೆದು ಎಷ್ಟೋ ಸಾರಿ ಮಾತನಾಡಿಸಿದ್ದೆವು. ಇವಳ ಹೆಸರು ಹಿಡಿದು ಕರೆದು ನಿಲ್ಲಿಸಿಕೊಂಡುದು ಆ ಇಂಪೊಸಿಷನ್ ಹಾಕಿದ ದಿನ ಒಂದೇ. ತರಬೇತಿ ಹೊಂದಿದ ಉಪಾಧ್ಯಾಯಿನಿಯೊಬ್ಬಳಿಗೆ ಇದನ್ನು ಬರೆಯುವುದು ಸುಲಭವಲ್ಲ. ಜನವರಿಯಲ್ಲಿ ಆಕೆಯನ್ನು ಕರೆಸಿ ಲೀಸಾಳ ವಿಷಯ ಕೇಳಿದೆವು. ಮೊದಲು ಹೆದರಿದಳು. ಆಮೇಲೆ ಮುಕ್ಕಾಲು ಗಂಟೆ ಮಾತನಾಡಿದಳು; ಪ್ರಾರ್ಥನೆಯ ಗಂಟೆಯನ್ನು ಇಬ್ಬರೂ ಕೇಳಲಿಲ್ಲ.

ಇದರಲ್ಲಿ ದೋಷವಿಲ್ಲವೆಂದು ನಾವು ಹೇಳೆವು. ಕತ್ತು ಹಿಸುಕುವುದು ನಮಗೂ ಹಿಡಿಸದು. ಅದಕ್ಕಿಂತ ಹೆಚ್ಚಾಗಿ ನೋಯಿಸಿದುದು ಅಪು ಎಂಬ ಭಾರತೀಯ ಅಂಗಡಿಕಾರನ ಪಾತ್ರ. ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟರು ಬೇಕೆಂದೇ ವಕ್ರವಾದ ಉಚ್ಚಾರದಿಂದ ಅವನನ್ನು ಮಾತನಾಡಿಸುತ್ತಿದ್ದರು. ಅಮೆರಿಕದಲ್ಲಿ ಬೆಳೆದ ನಮ್ಮವರ ಮಕ್ಕಳನ್ನು ಶಾಲೆಗಳಲ್ಲಿ ಆ ಹೆಸರಿನಿಂದ ಅಣಕಿಸುತ್ತಿದ್ದರೆಂಬುದನ್ನು ಹರಿ ಕೊಂಡಬೋಲು ಎಂಬವರು 2017ರಲ್ಲಿ ಸಾಕ್ಷ್ಯಚಿತ್ರವಾಗಿಯೇ ತೋರಿಸಿದರು. ಮರುವರ್ಷ ಕಾರ್ಟೂನು ಕೊಟ್ಟ ಉತ್ತರವು, ಹಿಂದೆ ಮೆಚ್ಚಿಕೊಂಡುದು ಈಗ ತಪ್ಪಾದರೆ ಏನು ಮಾಡುವುದು ಎಂಬ ಹಾರಿಕೆಯ ಮಾತು. ಅದನ್ನು ಆಡಿಸಿದುದು ಯಾರ ಬಾಯಿಂದ? ಲೀಸಾಳ ಬಾಯಿಂದ! ಅನ್ಯಾಯವನ್ನು ಎಂದೂ ಸಹಿಸದ ಹುಡುಗಿಯ ಬಾಯಲ್ಲಿ ಆ ಮಾತನ್ನಿಟ್ಟುದು ನಮ್ಮ ಮಟ್ಟಿಗೆ ಆ ಉಚ್ಚಾರಕ್ಕಿಂತ ದೊಡ್ಡ ತಪ್ಪು. 2020ರಲ್ಲಿ ಅಜೇರಿಯಾ ಅವರು ಆ ಪಾತ್ರವನ್ನು ಬಿಟ್ಟರು, ಮರುವರ್ಷ ಕ್ಷಮೆಯನ್ನೂ ಕೇಳಿದರು. ಅಪುವಿನ ಹೆಂಡತಿಯ ಹೆಸರು ಮಂಜುಳ. ನಮ್ಮ ಹಳೆಯ ಹಾಜರಿ ಪುಸ್ತಕಗಳಲ್ಲಿ ಎಷ್ಟು ಮಂದಿ ಮಂಜುಳೆಯರಿದ್ದಾರೆಂಬುದನ್ನು ಎಣಿಸಲು ಹೋಗಿ ನಾವು ಸೋತೆವು. ಅವರಲ್ಲಿ ಕೆಲವರು ಈಗ ಅಮೆರಿಕದಲ್ಲಿಯೇ ಇರುವರು, ಈ ಸಂಚಿಕೆಯು ಅವರನ್ನೂ ತಲಪುವುದು.

ಇನ್ನು ಆ ತಂದೆಯವರಿಗೆ ಉತ್ತರ. ಶಾಲೆಯಿಂದ ಅಪ್ಪಣೆ ಹೊರಡುವುದಿಲ್ಲ. ಓದಿನ ಹೊತ್ತಿನಲ್ಲಿ ಮೊಬೈಲು ಕೂಡದೆಂಬ ಮಾತು ಹಿಂದಿನಿಂದಲೂ ಇದೆ, ಅದು ಮುಂದೆಯೂ ಇರುವುದು. ಉಳಿದುದಕ್ಕೆ, ತಾವು ಒಂದು ಸಾಯಂಕಾಲ ಅರ್ಧ ಗಂಟೆ ಮಗಳ ಪಕ್ಕದಲ್ಲಿ ಕುಳಿತು ಮೇಲೆ ಹೇಳಿದ ಕಂತುಗಳಲ್ಲಿ ಯಾವುದಾದರೊಂದನ್ನು ನೋಡಬೇಕು. ಇಂಗ್ಲಿಷು ತಿಳಿಯದಿದ್ದ ಕಡೆ ಆಕೆಯೇ ಹೇಳಿಕೊಡುವಳು. ಅದಾದ ಮೇಲೂ ದೂರು ಉಳಿದಿದ್ದರೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ನಂತರ ನಾವು ಆಫೀಸಿನಲ್ಲಿಯೇ ಇರುತ್ತೇವೆ, ದಯಮಾಡಿಸಬಹುದು. ಮಗಳನ್ನೂ ಕರೆತರಬೇಕು.