ಸೈನ್ಯವಿಲ್ಲದ ನಾಡಿನ ಚೌಕಾಶಿ

ಬಲಾಢ್ಯರ ರಕ್ಷಣಾ ಕೂಟಕ್ಕೆ ಸೇರಿದ ಸಣ್ಣ ದೇಶ ಬಾಯಿ ಮುಚ್ಚಿಕೊಂಡಿರಬೇಕು ಎಂದು ತಿಳಿದವರು ಬಹಳ ಮಂದಿ. ಅಂಥವರು ಐಸ್‌ಲೆಂಡಿನ ಕಡೆ ಒಮ್ಮೆ ನೋಡಬೇಕೆಂದು ನಾವು ಬಯಸುತ್ತೇವೆ. ಉತ್ತರ ಅಟ್ಲಾಂಟಿಕ್ ಸಾಗರದ ಈ ದ್ವೀಪಕ್ಕೆ ಆಗಲೂ ಸ್ವಂತ ಸೈನ್ಯವಿರಲಿಲ್ಲ, ಈಗಲೂ ಇಲ್ಲ.

1918ರಲ್ಲಿ ಡೆನ್ಮಾರ್ಕಿನ ದೊರೆಯನ್ನೇ ದೊರೆಯೆಂದು ಒಪ್ಪಿ ಸ್ವತಂತ್ರ ರಾಜ್ಯವಾದಾಗ, ತಾನು ಎಂದೆಂದಿಗೂ ತಟಸ್ಥ ಎಂದು ಅದು ಸಾರಿತು. ಆದರೆ ಆನೆ ನಡೆದದ್ದೇ ದಾರಿ! 1940ರ ಮೇ 10ರಂದು ಬ್ರಿಟಿಷ್ ಸೈನ್ಯ ಹೇಳದೆ ಕೇಳದೆ ರಾಜಧಾನಿ ರೇಕ್ಯಾವಿಕ್‌ನಲ್ಲಿ ಇಳಿಯಿತು. ಮರುವರ್ಷ ಅಮೆರಿಕದವರು ಬಂದರು. ಯುದ್ಧ ಮುಗಿದ ಮೇಲೆ ಅಮೆರಿಕ ದೀರ್ಘಕಾಲಕ್ಕೆ ನೆಲೆಗಳನ್ನು ಕೇಳಿತು. 1944ರಲ್ಲಿ ಗಣರಾಜ್ಯವಾಗಿದ್ದ ಐಸ್‌ಲೆಂಡ್ ಕೊಡಲಿಲ್ಲ. ಆದರೂ 1949ರಲ್ಲಿ ನೇಟೋ ಕೂಟಕ್ಕೆ ಸೇರಿತು. ಆ ಮಾರ್ಚ್ 30ರಂದು ಪಾರ್ಲಿಮೆಂಟಿನ ಮುಂದೆ ಜನ ಕಲ್ಲು ತೂರಿದರು, ಪೊಲೀಸರು ಅಶ್ರುವಾಯು ಬಿಟ್ಟರು. 1951ರ ಕರಾರಿನಂತೆ ಕೆಫ್ಲಾವಿಕ್‌ನಲ್ಲಿ ಅಮೆರಿಕದ ನೆಲೆ ಊರಿತು. ಸೋವಿಯತ್ ಸಬ್‌ಮೆರೀನುಗಳ ಮೇಲೆ ಕಣ್ಣಿಡಲು ಅದು ಆಯಕಟ್ಟಿನ ಜಾಗ.

ಇನ್ನು ಮೀನಿನ ಮಾತು. ಆ ನಾಡು ಹೊರಗೆ ಮಾರುತ್ತಿದ್ದ ಸರಕಿನಲ್ಲಿ ಬಹುಪಾಲು ಮೀನೇ. ಗಿರಣಿ ನಿಂತರೆ ಊರೇ ನಿಲ್ಲುವುದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷ್ ದೊಡ್ಡ ಹಡಗುಗಳು ಅದರ ಕರೆಯವರೆಗೂ ಬಂದು ಬಲೆ ಎಳೆಯುತ್ತಿದ್ದವು. 1952ರಲ್ಲಿ ಐಸ್‌ಲೆಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 4 ಮೈಲಿಗೆ ಸರಿಸಿತು. ಬ್ರಿಟನ್ನಿನ ಹಡಗಿನ ಒಡೆಯರು ಅದರ ಮೀನಿಗೆ ತಮ್ಮ ಬಂದರು ಮುಚ್ಚಿದರು. ವ್ಯಾಪಾರ ನಿಂತೀತೆಂದು ಅವರ ಎಣಿಕೆ; ಸೋವಿಯತ್ ರಷ್ಯ ಮೀನು ಕೊಂಡಿತು! ಮುಂದೆ ಗಡಿ 1958ರಲ್ಲಿ 12 ಮೈಲಿ, 1972ರಲ್ಲಿ 50, 1975ರಲ್ಲಿ 200 ಮೈಲಿಯಾಯಿತು. ಬ್ರಿಟನ್ ಯುದ್ಧನೌಕೆ ಕಳಿಸಿತು. ಐಸ್‌ಲೆಂಡಿನ ಬೆರಳೆಣಿಕೆಯ ಕಾವಲು ಹಡಗುಗಳು ಬಲೆಯ ಹಗ್ಗ ಕತ್ತರಿಸಿಕೊಂಡು ಓಡಾಡಿದವು. ಹಡಗಿಗೆ ಹಡಗು ಢಿಕ್ಕಿ ಹೊಡೆದವು.

ಆಗ ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ 20 ಸಾವಿರ. ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆ ಇಲ್ಲಿ ಸುಳ್ಳಾಯಿತು. 1976ರ ಫೆಬ್ರವರಿಯಲ್ಲಿ ಐಸ್‌ಲೆಂಡ್ ತನ್ನ ಕೂಟದ ಮಿತ್ರನಾದ ಬ್ರಿಟನ್ನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಕೆಫ್ಲಾವಿಕ್ ನೆಲೆ ಮುಚ್ಚಬೇಕಾದೀತೆಂಬ ಬೆದರಿಕೆಯೂ ಬಂತು. ಅಧಿಕಾರದಲ್ಲಿದ್ದವರು ಎಡಪಕ್ಷದವರೇನಲ್ಲ, ಕೂಟವನ್ನು ಮೆಚ್ಚಿದವರೇ. ಆದರೆ ಮೀನಿನ ವಿಷಯದಲ್ಲಿ ನಾಡೆಲ್ಲ ಒಂದೇ ದನಿ. ಜೂನ್ 1ರ ಒಪ್ಪಂದದಲ್ಲಿ ಬ್ರಿಟನ್ ಮಣಿಯಿತು. ಗೆದ್ದದ್ದು ತೋಪಿನಿಂದಲ್ಲ, ನೆಲೆಯ ಗರಜು ಯಾರಿಗಿದೆ ಎಂಬ ತಿಳಿವಳಿಕೆಯಿಂದ. ಕೂಟದ ಒಳಗಿದ್ದೂ ಬೆಲೆ ಕೇಳಬಹುದು. ಕೇಳದವನಿಗೆ ಮಿತ್ರನೂ ಕೊಡುವುದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಈ ಗೆಲುವಿನ ಬೆಲೆ ತೆತ್ತವರನ್ನೂ ನಾವು ಮರೆಯಲಾರೆವು. ಬ್ರಿಟನ್ನಿನ ಹಲ್, ಗ್ರಿಮ್ಸ್‌ಬಿ ಬಂದರುಗಳ ಸಾವಿರಾರು ಮೀನುಗಾರ ಕೂಲಿಗಳ ಕೆಲಸ ಹೋಯಿತು. ಅವರು ಬಿಡಿಗೂಲಿಗಳೆಂಬ ನೆಪದಲ್ಲಿ ಪರಿಹಾರ ತಪ್ಪಿತು. 2000ರಲ್ಲಿ ಸರ್ಕಾರ ಪರಿಹಾರ ಸಾರುವ ವೇಳೆಗೆ ಎಷ್ಟೋ ಮಂದಿ ತೀರಿಹೋಗಿದ್ದರು.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಸಬ್‌ಮೆರೀನುಗಳ ಭಯ ಇಳಿಯಿತು, ನೆಲೆಯ ಗರಜೂ ತೀರಿತು. 2006ರ ಸೆಪ್ಟೆಂಬರಿನಲ್ಲಿ ಅಮೆರಿಕ ತನ್ನ ಸೈನಿಕರನ್ನೂ ವಿಮಾನಗಳನ್ನೂ ಕೆಫ್ಲಾವಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡಿತು. ವಿಮಾನಗಳನ್ನಾದರೂ ಉಳಿಸಿ ಎಂದು ಐಸ್‌ಲೆಂಡ್ ಸರ್ಕಾರ ಕೇಳಿಕೊಂಡಿತ್ತು.