ಮೂರು ಕಾಸಿನವರ ಲೆಕ್ಕ

ಶೃಂಗೇರಿಯಿಂದ ಕಾರ್ಕಳಕ್ಕೆ ಬಸ್ಸಲ್ಲಿ ಹೋದವರಿಗೆ ಕೆರೆಕಟ್ಟೆ ಗೊತ್ತಿರುತ್ತೆ. ನೆಮ್ಮಾರು ದಾಟಿ, ಕಾಡು ದಟ್ಟವಾಗುತ್ತಾ, ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಕಾಣೆಯಾಗುವ ಹೊತ್ತಿಗೆ ಬರುವ ಊರು. ಅಲ್ಲಿಂದ ಮುಂದೆ ಎಸ್.ಕೆ. ಬಾರ್ಡರ್. ಎಸ್.ಕೆ. ಅಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗ ಇಲ್ಲ, ಕಾರ್ಕಳವಂತೂ 1997ರಿಂದ ಉಡುಪಿ ಜಿಲ್ಲೆಗೆ ಸೇರಿದೆ. ಆದರೂ ನಮ್ಮ ಬಾಯಲ್ಲಿ ಅದು ಎಸ್.ಕೆ. ಬಾರ್ಡರ್ರೇ.

1956ರ ನವೆಂಬರ್ 1ಕ್ಕೆ ಮುಂಚೆ ಅದು ನಿಜವಾದ ಬಾರ್ಡರ್. ಘಟ್ಟದ ಮೇಲೆ ಮೈಸೂರು ರಾಜ್ಯ, ಕೆಳಗೆ ಮದರಾಸು ರಾಜ್ಯ. ಮೇಲೆ ಖಂಡುಗ, ಕೊಳಗದ ಲೆಕ್ಕ, ಕೆಳಗೆ ಅಕ್ಕಿ ಮುಡಿಯ ಲೆಕ್ಕ. ಅವತ್ತು ಆ ಗಡಿ ಅಳಿಸಿತು. ಸರಿಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ಜೇಬಿನೊಳಗಿನ ರೂಪಾಯಿಯೇ ಬೇರೆ ರೀತಿ ಒಡೆಯಿತು. 16 ಆಣೆ ಹೋಗಿ 100 ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋ, ಲೀಟರು ಬರತೊಡಗಿದವು. ಎರಡು ವರ್ಷದೊಳಗೆ ರಾಜ್ಯ, ದುಡ್ಡು, ತೂಕ ಮೂರೂ ಬದಲು. ನಮಗೆ ಒಂದು ಸೆಮಿಸ್ಟರ್‌ನಲ್ಲಿ ಸಿಲಬಸ್ ಬದಲಾದರೆ ಪ್ರಿನ್ಸಿಪಾಲರ ಬಾಗಿಲಿಗೆ ಹೋಗಿ ನಿಲ್ತೀವಿ.

ಈ ವಿಷಯ ಈಗ ಯಾಕೆ ಅಂತ ಕೇಳಬಹುದು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಮಿನಿ ಪ್ರಾಜೆಕ್ಟ್‌ಗೆ ಯಾವುದಾದರೂ ಪೇಮೆಂಟ್ ಆ್ಯಪ್ ಮಾಡ್ತಿದ್ದಾರೆ. ದುಡ್ಡಿನ ಲೆಕ್ಕ ಬದಲಿಸುವುದು ಎಂದರೆ ಏನು, ಅದರಲ್ಲಿ ಯಾರ ಜೇಬಿಗೆ ಕತ್ತರಿ ಬೀಳುತ್ತೆ ಅನ್ನುವುದು ಅವರಿಗೆ ಗೊತ್ತಿರಲಿ ಅಂತ.

ಮೊದಲು ಹಳೆಯ ಲೆಕ್ಕ. 1 ರೂಪಾಯಿಗೆ 16 ಆಣೆ, 1 ಆಣೆಗೆ 4 ಪೈಸೆ, 1 ಪೈಸೆಗೆ 3 ಪೈ. ಪೈಗೆ ನಮ್ಮ ಹಿರಿಯರು ಕಾಸು ಅನ್ನುತ್ತಿದ್ದರು. ಒಟ್ಟು ರೂಪಾಯಿಗೆ 64 ಪೈಸೆ, 192 ಕಾಸು. 'ಮಾನ ಮೂರು ಕಾಸಿಗೆ ಹರಾಜು' ಅಂತ ನಾವು ಈಗಲೂ ಬೈಯುವ ಆ ಮೂರು ಕಾಸು ಇದೇ, ಒಂದು ಹಳೆಯ ಪೈಸೆ, ಕಾಲಾಣೆ.

ಇದನ್ನು ಕೇಳಿದ ತಕ್ಷಣ 'ಎಂಥಾ ತಲೆಕೆಟ್ಟ ಪದ್ಧತಿ' ಅನ್ನುವವರು ನಮ್ಮಲ್ಲೇ ಇದ್ದಾರೆ. ನಾವು ಒಪ್ಪಲ್ಲ. 16 ಅನ್ನುವುದು ಅರ್ಧ ಮಾಡಿ, ಅದರಲ್ಲಿ ಅರ್ಧ ಮಾಡಿ, ಹಾಗೇ ನಾಲ್ಕು ಸಲ ಮಾಡಿದರೆ ಸಿಗುವ ಸಂಖ್ಯೆ. ತಕ್ಕಡಿ ಇದ್ದವನಿಗೆ ಅರ್ಧ ಮಾಡುವುದಷ್ಟೇ ಸುಲಭ. ಕನ್ನಡದಲ್ಲಿ ಅರೆ, ಕಾಲು, ಅರೆಕಾಲು ಆದಮೇಲೆ ಹದಿನಾರನೇ ಒಂದು ಭಾಗಕ್ಕೆ ವೀಸ ಅಂತ ಒಂದು ಸ್ವಂತ ಪದವೇ ಇದೆ. ಮಕ್ಕಳು ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಎರಡನೇ ವರ್ಷದಲ್ಲಿ ಹೆಕ್ಸಾಡೆಸಿಮಲ್ ನೋಡಿ ನಾವು ಬೆವರಿದ್ದೇನಿದೆ, ಅದನ್ನು ನಮ್ಮ ಮುತ್ತಜ್ಜಿಯರು ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುತ್ತಾ ಮಾಡುತ್ತಿದ್ದರು.

ಇನ್ನೂ ಒಂದು ತಮಾಷೆ. ಕಂಪ್ಯೂಟರ್‌ಗೆ ಆಣೆ ಅರ್ಥವಾಗುತ್ತೆ, ಪೈಸೆ ಅರ್ಥವಾಗಲ್ಲ! 1/16 ಅನ್ನು ಬೈನರಿಯಲ್ಲಿ 0.0001 ಅಂತ ಚೊಕ್ಕವಾಗಿ ಬರೆಯಬಹುದು. 1/100 ಬರೆಯಲು ಹೋದರೆ ಮುಗಿಯುವುದೇ ಇಲ್ಲ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದನ್ನು ನೋಡಿ ಲ್ಯಾಬ್‌ನಲ್ಲಿ ನಾವೆಲ್ಲ ಕಣ್ಣುಜ್ಜಿಕೊಂಡವರೇ ಅಲ್ವಾ? ಆಣೆಯಲ್ಲಿ ಲೆಕ್ಕ ಮಾಡಿದ್ದರೆ ಆ ಕಾಟವೇ ಇರುತ್ತಿರಲಿಲ್ಲ. ಒಂದು ರೂಪಾಯಿಯನ್ನು ಮೂರು ಜನ ಆಳುಗಳಿಗೆ ಹಂಚಬೇಕಾದರೂ ಹಳೆಯದರಲ್ಲಿ ತಲಾ 5 ಆಣೆ 4 ಪೈ, ಒಂದು ಕಾಸೂ ಉಳಿಯಲ್ಲ. ಹೊಸದರಲ್ಲಿ ತಲಾ 33 ಪೈಸೆ, ಉಳಿದ ಒಂದು ಪೈಸೆ ಯಾರಿಗೆ?

ಹಾಗಂತ ಆಣೆಯೇ ಇರಬೇಕಿತ್ತು ಅಂತ ನಾವು ಹೇಳ್ತಿಲ್ಲ. ಕೊಳ್ಳುವಾಗ, ಹಂಚುವಾಗ ಆಣೆ ಚಂದ. ಲೆಕ್ಕದ ಪುಸ್ತಕದಲ್ಲಿ ಅದೇ ಆಣೆ ಗೋಳು. ರೂಪಾಯಿ, ಆಣೆ, ಪೈ ಅಂತ ಮೂರು ಸಾಲು. ಪೈ ಸಾಲು ಕೂಡಿ 12ಕ್ಕೊಂದು ದಶಕ ದಾಟಿಸು, ಆಣೆ ಸಾಲು ಕೂಡಿ 16ಕ್ಕೊಂದು ದಾಟಿಸು, ಮೇಲೆ ಬಡ್ಡಿ ಹಾಕು. ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರು ಮಂಡಿಯಿಂದ ಮುಂಗಡ ತಂದು, ಅಡಿಕೆ ಕೊಟ್ಟು ಸಾಲ ತೀರಿಸುತ್ತಿದ್ದರು. ಲೆಕ್ಕ ಬರೆಯುವವರು ಒಬ್ಬರೇ, ಮಂಡಿಯವರು. ಮೂರು ಸಾಲಿನ ಆ ಬಡ್ಡಿ ಲೆಕ್ಕವನ್ನು ತಾನೇ ಕೂತು ತಾಳೆ ನೋಡಬಲ್ಲ ಸಾಲಗಾರ ಎಷ್ಟು ಜನ? ದಶಮಾಂಶ ಬಂದಮೇಲೆ ಅದು ಸಾಧಾರಣ ಕೂಡುವ ಲೆಕ್ಕವಾಯಿತು. ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗು ಇದ್ದರೂ ಸಾಕು, ಚೀಟಿ ತಿರುಗಿಸಿ 'ಅಪ್ಪಯ್ಯ, ಇಲ್ಲಿ ತಪ್ಪಿದೆ' ಅನ್ನಬಹುದು. ನೂರು ಪೈಸೆ ಬಂದದ್ದರಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಸಾಲಗಾರನಿಗೂ ಸಾಹುಕಾರನಿಗೂ ಒಂದೇ ಲೆಕ್ಕ ಓದಲು ಬಂತು.

ಆದರೆ ಬದಲಾವಣೆಯ ಬಿಲ್ಲು ಯಾರು ಕಟ್ಟಿದರು ನೋಡಿ.

1 ಆಣೆ ಅಂದರೆ 6.25 ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲ. ಅದಕ್ಕೆ ಸರ್ಕಾರ ಒಂದು ಪಟ್ಟಿ ಕೊಟ್ಟಿತು: ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡು, ಹೆಚ್ಚಿದ್ದರೆ ಒಂದು ಸೇರಿಸು. ಹಾಗಾಗಿ 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25. (ಪೈಥಾನ್‌ನಲ್ಲಿ 37.5 ಕೊಟ್ಟು ರೌಂಡ್ ಮಾಡಿ, 38 ಬರುತ್ತೆ. ಸರ್ಕಾರಿ ಪಟ್ಟಿಯಲ್ಲಿ 6 ಆಣೆಗೆ 37. ಯಾಕೆ ಅಂತ ಯೋಚಿಸುವುದು ನಿಮ್ಮ ಹೋಂವರ್ಕ್.) ಅಂದರೆ ನಾಲ್ಕಾಣೆಯನ್ನು ಒಟ್ಟಿಗೆ ಕೊಟ್ಟರೆ 25, ಒಂದೊಂದೇ ಆಣೆಯಾಗಿ ನಾಲ್ಕು ಸಲ ಕೊಟ್ಟರೆ 24. ಇಲ್ಲಿ ಕೊಳ್ಳುವವನಿಗೆ ಒಂದು ಪೈಸೆ ಲಾಭ, ಖುಷಿಯೇ.

ಈಗ ಇನ್ನೂ ಕೆಳಗೆ ಇಳಿಯಿರಿ. ಒಂದು ಹಳೆಯ ಪೈಸೆ, ಅಂದರೆ ಮೂರು ಕಾಸು, 1.5625 ನಯಾ ಪೈಸೆಗೆ ಸಮ. ಪಟ್ಟಿಯಲ್ಲಿ 2. ಮೂರು ಕಾಸಿಗೆ ಸಿಗುತ್ತಿದ್ದ ವಸ್ತು ಹೊಸ ನಾಣ್ಯದಲ್ಲಿ 2 ನಯಾ ಪೈಸೆ ಆದರೆ ನೂರಕ್ಕೆ 28 ಏರಿಕೆ. ನಾಲ್ಕು ಸಲ ಕೊಂಡರೆ 8 ಪೈಸೆ, ಒಟ್ಟಿಗೆ ಆಣೆಗೆ ಕೊಂಡವನಿಗೆ 6. ನೂರು ರೂಪಾಯಿಯ ಸಾಮಾನು ಕೊಂಡವನಿಗೆ ಈ ಬದಲಾವಣೆಯಿಂದ ಒಂದು ಪೈಸೆಯೂ ಕಳೆಯಲಿಲ್ಲ, ರೂಪಾಯಿ ರೂಪಾಯಿಯೇ. ಒಂದು ಚಿಟಿಕೆ ಹೊಗೆಸೊಪ್ಪು, ಎರಡು ವೀಳ್ಯದೆಲೆ, ಸ್ವಲ್ಪ ಉಪ್ಪು ಅಂತ ದಿನದ ಕೂಲಿಯಲ್ಲಿ ದಿನದ್ದೇ ಕೊಳ್ಳುವವರ ಲೆಕ್ಕದಲ್ಲಿ ಮಾತ್ರ ರೌಂಡಿಂಗ್ ಎರರ್ ಇತ್ತು. ನಮ್ಮ ನ್ಯೂಮರಿಕಲ್ ಮೆಥಡ್ಸ್ ಪುಸ್ತಕದಲ್ಲಿ ರೌಂಡಿಂಗ್ ಎರರ್ 'ನಗಣ್ಯ' ಅಂತ ಬರೆದಿರುತ್ತೆ. ಯಾರಿಗೆ ನಗಣ್ಯ ಅಂತ ಬರೆದಿರಲ್ಲ.

ಅಂಚೆಯವರೂ ಹಾಗೇ. 9 ಪೈ ಇದ್ದ ಕಾರ್ಡು 5 ನಯಾ ಪೈಸೆ ಆಯಿತು, ಪಟ್ಟಿಗೆ ಸರಿ. 2 ಆಣೆಯ ಲಕೋಟೆ ಪಟ್ಟಿಯ ಪ್ರಕಾರ 12 ಆಗಬೇಕಿತ್ತು. ಆಗಿದ್ದು 13! ತಾನೇ ಮಾಡಿದ ನಿಯಮ ತನಗೆ ಬೇಡವಾದಾಗ ಸರ್ಕಾರ ಬೇರೆ ಕಡೆಗೆ ರೌಂಡ್ ಮಾಡಿತು.

ಇಷ್ಟಾದರೂ ಈ ಬದಲಾವಣೆ ಜನರ ಮೈಗೆ ಹತ್ತಿತು. ಯಾಕೆ ಅಂತ ನೋಡಿದರೆ ಎರಡು ಕಾರಣ ಕಾಣುತ್ತೆ. ಒಂದು, ಅವಸರ ಮಾಡಲಿಲ್ಲ. ಕಾನೂನು 1955ರಲ್ಲೇ ಆಯಿತು, ಜಾರಿ 1957ರಲ್ಲಿ, ಅದಾದ ಮೇಲೂ ಕೆಲವು ವರ್ಷ ಹಳೆಯ ನಾಣ್ಯ, ಹೊಸ ನಾಣ್ಯ ಒಟ್ಟಿಗೇ ಓಡಾಡಿದವು. 2016ರ ನವೆಂಬರ್ 8ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ನೋಟು ರದ್ದು ಮಾಡಿದ್ದನ್ನು ಪಕ್ಕದಲ್ಲಿಟ್ಟು ನೋಡಿ. ಎರಡೂ ಸರ್ಕಾರದ ತೀರ್ಮಾನಗಳೇ. ಒಂದರಲ್ಲಿ ಜನರಿಗೆ ಕಲಿಯಲು ವರ್ಷಗಟ್ಟಲೆ ಸಿಕ್ಕಿತು, ಇನ್ನೊಂದರಲ್ಲಿ ನಾಲ್ಕು ಗಂಟೆ.

ಎರಡನೇ ಕಾರಣ ನಮಗೆ ಇನ್ನೂ ಇಷ್ಟ. ಜನ ಹೊಸದನ್ನು ತಮಗೆ ಬೇಕಾದಂತೆ ಕಲಿತರು. 25 ಪೈಸೆಗೆ ನಾಲ್ಕಾಣೆ, 50ಕ್ಕೆ ಎಂಟಾಣೆ ಅನ್ನುವುದನ್ನು ಬಿಡಲೇ ಇಲ್ಲ. ನಾಣ್ಯದ ಮೇಲೆ 'ರೂಪಾಯಿಯ ನೂರನೇ ಒಂದು ಭಾಗ' ಅಂತ ಬರೆದಿದ್ದು ಹಿಂದಿಯಲ್ಲಿ. ಕೊಪ್ಪ, ಶೃಂಗೇರಿ ಕಡೆಯ ಎಷ್ಟು ಜನ ಅದನ್ನು ಓದಿರಬಹುದು! ಹಳೆಯ ಒಂದಾಣೆಯ ಅಂಚೂ ಅಲೆಅಲೆ, ಹೊಸ ಹತ್ತು ಪೈಸೆಯ ಅಂಚೂ ಅಲೆಅಲೆ. ಮುಟ್ಟಿ ನೋಡಿ, ಗಾತ್ರ ನೋಡಿ, ಅಂಗಡಿಯವರ ಹತ್ತಿರ ಜಗಳ ಮಾಡಿ ಕಲಿತಿರಬೇಕು. 1964ರ ಜೂನ್ 1ಕ್ಕೆ ಸರ್ಕಾರ 'ನಯಾ' ತೆಗೆದು ಬರೀ ಪೈಸೆ ಮಾಡಿತು. ನಾವು ಮಾತ್ರ ಇವತ್ತಿಗೂ 'ಒಂದು ನಯಾಪೈಸೆ ಕೊಡಲ್ಲ' ಅಂತೀವಿ. 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ನಿಂತಿತು. ಅಂದರೆ ಸತ್ತ ಆಣೆ ನಾಲ್ಕಾಣೆಯ ವೇಷದಲ್ಲಿ 54 ವರ್ಷ ಬದುಕಿತ್ತು.

ಬದುಕಿತ್ತು ಅನ್ನುವುದೂ ತಪ್ಪು, ಇನ್ನೂ ಇದೆ. ಶೃಂಗೇರಿ ಕಡೆಯ ಜಮೀನಿನ ಪಹಣಿ ತೆಗೆಯಿರಿ: ಎಕರೆ, ಗುಂಟೆ, ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಬಾರ್ಡರ್ ಇಳಿದು ಕಾರ್ಕಳ ಕಡೆ ಹೋಗಿ: ಎಕರೆಗೆ 100 ಸೆಂಟ್ಸ್. ಮದರಾಸಿನವರು ಬಿಟ್ಟುಹೋದ ಲೆಕ್ಕ. ರೂಪಾಯಿ ದಶಮಾಂಶ ಆಗುವ ಮೊದಲೇ ಘಟ್ಟದ ಕೆಳಗಿನ ಭೂಮಿ ದಶಮಾಂಶ ಆಗಿತ್ತು, ಘಟ್ಟದ ಮೇಲಿನ ಭೂಮಿ ಇನ್ನೂ ಆಗಿಲ್ಲ. ಎರಡು ಕಡೆಯವರೂ ಜಾಗ ಕೊಳ್ತಾರೆ, ಮಾರ್ತಾರೆ, ಪಾಲು ಮಾಡಿಕೊಳ್ತಾರೆ. ಯಾರ ಕೆಲಸವೂ ನಿಂತಿಲ್ಲ. ಒಂದೇ ರಾಜ್ಯದಲ್ಲಿ ಎರಡು ಲೆಕ್ಕ ಇದ್ದರೆ ಪ್ರಳಯವಾಗುತ್ತೆ ಅನ್ನುವವರಿಗೆ ಇದನ್ನು ತೋರಿಸಬೇಕು.

ಈಗ ನಮ್ಮ ಕಾಲಕ್ಕೆ ಬರೋಣ. ಯುಪಿಐ ಬಂದಮೇಲೆ ರೌಂಡಿಂಗ್ ಕಷ್ಟ ತೀರಿತು, ಒಪ್ಪುತ್ತೇವೆ. 17 ರೂಪಾಯಿ 40 ಪೈಸೆಯನ್ನು ಹಾಗೇ ಕಳಿಸಬಹುದು. ಚಿಲ್ಲರೆ ಬದಲು ಚಾಕೊಲೇಟ್ ತಗೊಳ್ಳಬೇಕಿಲ್ಲ, ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ಆರು ರೂಪಾಯಿಗಾಗಿ ಇಳಿಯುವ ತನಕ ಅವರ ಮುಖ ನೋಡಬೇಕಿಲ್ಲ. ಆದರೆ ಬಾಗಿಲಲ್ಲಿ ಇನ್ನೊಂದು ಸಲ ಅದೇ ಪ್ರಶ್ನೆ ನಿಂತಿದೆ: ಇದರ ಖರ್ಚು ಯಾರಿಗೆ? ಸಿಗ್ನಲ್ ಇಲ್ಲದ ಕಾಡುದಾರಿಯ ಅಂಗಡಿಯವರಿಗೆ, ಕೀಪ್ಯಾಡ್ ಫೋನಿನ ಅಜ್ಜನಿಗೆ, ಬ್ಯಾಂಕಿನ ಒಟಿಪಿ ಮಗನ ನಂಬರಿಗೆ ಹೋಗುವ ಅಮ್ಮನಿಗೆ. ಕೀಪ್ಯಾಡ್ ಫೋನಿಗೂ 2022ರಲ್ಲಿ ಯುಪಿಐ 123ಪೇ ಬಂದಿದೆ. ನಮ್ಮ ಕ್ಲಾಸಿನಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ ಅಂತ ಕೈ ಎತ್ತಿಸಿದರೆ ನಾಲ್ಕು ಕೈ ಎದ್ದವು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಇಳಿದು 'ಕ್ಯಾಶ್ ಮಾತ್ರ' ಅನ್ನುವ ಚೀಟಿ ಏರಿತು. ಲೆಕ್ಕ ಯಾರು ಓದುತ್ತಾರೆ ಅನ್ನುವುದನ್ನು ಅವರೂ ನೋಡಿಕೊಂಡರು, ಮಂಡಿಯ ಸಾಲಗಾರನ ಹಾಗೆಯೇ.

ಕಳೆದ ಫೆಸ್ಟ್‌ನಲ್ಲಿ ನಮ್ಮ ಕ್ಯಾಂಪಸ್‌ನ ಊಟದ ಮಳಿಗೆಗಳೆಲ್ಲ ಕ್ಯುಆರ್ ಮಾತ್ರ ಅಂತ ಬೋರ್ಡ್ ಹಾಕಿದ್ದವು. ನೆಟ್‌ವರ್ಕ್ ಜಾಮ್ ಆಗಿ ನಮಗೇ ಅರ್ಧ ಗಂಟೆ ದೋಸೆ ಸಿಗಲಿಲ್ಲ, ಅದು ಹೋಗಲಿ. ಹಾಸ್ಟೆಲ್ ಗುಡಿಸುವ ಅಕ್ಕಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು, ಕೈಯಲ್ಲಿ ಐವತ್ತರ ನೋಟು. ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಲು ಗುರುತೇ ಇಲ್ಲದ ವಿದ್ಯಾರ್ಥಿಯೊಬ್ಬನಿಗೆ ನೋಟು ಕೊಟ್ಟು 'ನಿಮ್ಮ ಫೋನಲ್ಲಿ ಹಾಕಪ್ಪಾ' ಅಂತ ಕೇಳಬೇಕಾಯಿತು. ದುಡ್ಡು ಇದ್ದವರೇ ಬೇಡಬೇಕಾಗಿ ಬಂದರೆ ಅದೆಂಥಾ ಪ್ರಗತಿ?

ಟೆಸ್ಟಿಂಗ್‌ನಲ್ಲಿ ಎಡ್ಜ್ ಕೇಸ್ ನೋಡಿ ಅಂತ ಮೇಷ್ಟ್ರು ಹೇಳ್ತಾರೆ. ನಾವು ಇನ್ನುಮುಂದೆ ಅದಕ್ಕೆ ಕೆರೆಕಟ್ಟೆ ಟೆಸ್ಟ್ ಅಂತ ಕರೆಯೋಣ ಅಂದುಕೊಂಡಿದ್ದೇವೆ. ನಿಮ್ಮ ಆ್ಯಪ್ ಎಸ್.ಕೆ. ಬಾರ್ಡರ್ ದಾಟುವ ಬಸ್ಸಿನಲ್ಲಿ, ಸಿಗ್ನಲ್ ಇಲ್ಲದ ಹೊತ್ತಿನಲ್ಲಿ, ಮೂರು ಕಾಸಿನ ವ್ಯವಹಾರಕ್ಕೆ ನಡೆಯುತ್ತಾ? ನಡೆಯದಿದ್ದರೆ ಪಕ್ಕದಲ್ಲಿ ಹಳೆಯ ದಾರಿ ತೆರೆದಿಟ್ಟಿದ್ದೀರಾ? 1957ರಲ್ಲಿ ಇಟ್ಟಿದ್ದರು.

ನವೆಂಬರ್‌ನ ರಾಜ್ಯೋತ್ಸವಕ್ಕೆ ನಮ್ಮ ಸಂಘದ್ದೂ ಒಂದು ಮಳಿಗೆ ಇರುತ್ತೆ, ಕೊಟ್ಟೆ ಕಡುಬು ಮತ್ತು ಕಾಫಿ. ಕ್ಯುಆರ್ ಇರುತ್ತೆ, ಪಕ್ಕದಲ್ಲಿ ಚಿಲ್ಲರೆ ಡಬ್ಬಿಯೂ ಇರುತ್ತೆ. ಎಂಟಾಣೆ ತಂದರೂ ತಗೊಳ್ತೀವಿ, ಅದು ಇನ್ನೂ ಚಲಾವಣೆಯಲ್ಲಿದೆ.